ಹಳದಿ ಜರಡಿ

ಫೆಬ್ರವರಿ 3, ಸೋಮವಾರ

ಈ ನೋಟ್‌ಬುಕ್ಕನ್ನು ಅಕ್ಕ ಕೊಟ್ಟು ಮೂರು ವರ್ಷವಾಯಿತು. "ನಿನ್ನ ಕೋಪಾನ ನನ್ನ ಮೇಲೆ ತೀರಿಸ್ಕೊಳ್ಳೋ ಬದ್ಲು ಇದ್ರಲ್ಲಿ ಬರಿ" ಅಂದಿದ್ದಳು. ನಿವೃತ್ತ ಟೀಚರಮ್ಮ ಅಲ್ಲವೇ, ಅವಳು ಕೊಡುವ ಉಡುಗೊರೆಯಲ್ಲೂ ಒಂದು ಪಾಠ ಇರುತ್ತದೆ. ಇಷ್ಟು ದಿನ ಕಪಾಟಿನಲ್ಲಿ ಬಿದ್ದಿತ್ತು. ಇವತ್ತಿನದನ್ನು ಎಲ್ಲಿಯಾದರೂ ಕಕ್ಕದಿದ್ದರೆ ನನಗೆ ಊಟ ಇಳಿಯುವುದಿಲ್ಲ, ಅದಕ್ಕೇ ಧೂಳು ಒರೆಸಿ ಕೂತಿದ್ದೇನೆ.

ಬೆಳಿಗ್ಗೆ ಹತ್ತಕ್ಕೆ ಮೀಟಿಂಗು. ನಮ್ಮ ಲ್ಯಾಬಿನ ಮುಖ್ಯಸ್ಥರು, ಬಂದು ವರ್ಷವಾದರೂ ನನಗಿನ್ನೂ ಹೊಸಬರೇ, ಪರದೆಯ ಮೇಲೆ ಚಿತ್ರ ಬಿಟ್ಟು ಸುದ್ದಿ ಹೇಳಿದರು. ಏಪ್ರಿಲ್ ಒಂದರಿಂದ ರಕ್ತನಾಳದ ಕೋಶಗಳನ್ನು ಬೆಳೆಸುವ ಕೆಲಸ ಬಂದ್. ಎರಡು ಇನ್‌ಕ್ಯುಬೇಟರ್, ಒಂದು ಫ್ರೀಜರ್ ಖಾಲಿ. ಅಂದರೆ ನಾನೂ ಖಾಲಿ. ಆ ಕೋಶಗಳನ್ನು ಹತ್ತೊಂಬತ್ತು ವರ್ಷದಿಂದ ಸಾಕಿಕೊಂಡು ಬಂದವಳು ನಾನು.

"ಅವು ಹಾಸಿಗೆ ಇದ್ದ ಹಾಗೆ ಅಷ್ಟೇ," ಅಂದರು. "ನಮಗೆ ಬೇಕಾಗಿರೋದು ಹಾಸಿಗೆ ಮೇಲೆ ಮಲಗಿರೋರು. ಹಾಸಿಗೆ ಇಲ್ದೇನೂ ಅವರನ್ನ ಮಲಗಿಸಬಹುದು ಅಂತ ಈಗ ಗೊತ್ತಾಗಿದೆ."

"ಹಾಗಾದ್ರೆ ಇವತ್ತು ತಾವೇ ನೆಲದ ಮೇಲೆ ಮಲಗಿ ನೋಡಿ ಸಾರ್," ಅಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮಲಗಿರುವವರು ಅಂದರೆ ರಕ್ತದ ಕಾಂಡಕೋಶಗಳು. ನನಗೆ ನಾನೇ ಪಾಠ ಹೇಳಿಕೊಳ್ಳುವುದು ತಮಾಷೆಯೇ ಸರಿ, ಆದರೆ ಮೀಟಿಂಗಿನಲ್ಲಿ ನನ್ನ ಬಾಯಿ ಮುಚ್ಚಿಸಿದ್ದಾರೆ, ಇಲ್ಲಿ ಮುಚ್ಚಿಸುವವರು ಯಾರೂ ಇಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆ. ಹುಟ್ಟಿಸುವವು ಈ ಕಾಂಡಕೋಶಗಳು, ಸಾವಿರಾರು ಕೋಶಗಳ ನಡುವೆ ಒಂದೋ ಎರಡೋ. ಮಜ್ಜೆಯ ತುಂಬ ಸಣ್ಣ ಸಣ್ಣ ರಕ್ತನಾಳಗಳು ಹೆಣೆದುಕೊಂಡಿರುತ್ತವೆ. ಅವುಗಳ ಒಳಗೋಡೆಗೆ ಒಂದೇ ಒಂದು ಪದರ ಕೋಶ, ನೆಲಕ್ಕೆ ಚಪ್ಪಡಿ ಹಾಸಿದ ಹಾಗೆ. ಕಾಂಡಕೋಶ ಆ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಗೋಡೆಯ ಕೋಶ ಅದಕ್ಕೆ ಬೇಕಾದ್ದನ್ನು ಕೊಡುತ್ತದೆ, ಹೇಳಬೇಕಾದ್ದನ್ನು ಹೇಳುತ್ತದೆ. ಇಲ್ಲೇ ಇರು, ಅವಸರ ಬೇಡ, ಈಗ ಒಂದು ಎರಡಾಗು, ಇನ್ನು ಸಾಕು. ನನಗೆ ಕೆಲಸ ಕಲಿಸಿದ ಹಳೆಯ ಡಾಕ್ಟರು, ಈಗ ಅವರಿಲ್ಲ, ಹೇಳುತ್ತಿದ್ದರು: "ರಕ್ತ ಹರಿಯೋ ಕೊಳವೆ ಅಂತ ಮಾತ್ರ ಅಂದ್ಕೋಬೇಡಮ್ಮ. ಅದು ಸಾಕೋ ತಾಯಿ."

ಈಗ ತಾಯಿಯ ಜಾಗಕ್ಕೆ ಸೀಸೆ ಬಂದಿದೆ. ಮೂರು ವರ್ಷದಿಂದ ನಮ್ಮಲ್ಲಿರುವ ಸಂಶೋಧಕಿ ಒಬ್ಬಳು, ಮೂವತ್ತು ದಾಟಿದವಳು, ಗೋಡೆಯ ಕೋಶಗಳು ಕೊಡುವ ವಸ್ತುಗಳನ್ನೆಲ್ಲ ಬೆರೆಸಿ ಒಂದು ದ್ರವ ಮಾಡಿದ್ದಾಳೆ. ಆ ಸೀಸೆಯನ್ನು ಮಗುವಿನ ಹಾಗೆ ಅವುಚಿಕೊಂಡು ಓಡಾಡುತ್ತಾಳೆ. ನಾನು ಅವಳಿಗೆ ಸೀಸೆ ಅಂತಲೇ ಹೆಸರಿಟ್ಟಿದ್ದೇನೆ, ಬೆನ್ನ ಹಿಂದೆ. ಇನ್ನು ಹದಿನಾಲ್ಕು ದಿನದ ಕೊನೆಯ ಪರೀಕ್ಷೆ: ಒಂದು ಕಡೆ ಅವಳ ದ್ರವ, ಇನ್ನೊಂದು ಕಡೆ ನನ್ನ ಕೋಶ. ದ್ರವ ಸಮಸಮ ನಿಂತರೂ ಸಾಕು, ನನ್ನದು ಮುಗಿಯಿತು. ಎದುರು ರಸ್ತೆಯ ಆಸ್ಪತ್ರೆ ಆ ದ್ರವಕ್ಕಾಗಿ ಬಾಗಿಲು ತೆರೆದುಕೊಂಡು ಕೂತಿದೆ.

ಸಮಸಮ ಅಂತೆ. ನೋಡಿಯೇಬಿಡೋಣ.

ಫೆಬ್ರವರಿ 5, ಬುಧವಾರ

ಎರಡೂ ಕಡೆಗೆ ಕಾಂಡಕೋಶ ತೆಗೆದುಕೊಡಬೇಕಾದವಳು ಯಾರು? ನಾನೇ. ನನ್ನ ಗುಂಡಿ ನಾನೇ ತೋಡಬೇಕು, ಅದೂ ಅಚ್ಚುಕಟ್ಟಾಗಿ. ಇಲಿಯ ತೊಡೆಮೂಳೆಯಿಂದ ಮಜ್ಜೆ ಬಿಡಿಸಿ, ಜರಡಿಯಲ್ಲಿ ಸೋಸಿ, ಬಲಿತ ರಕ್ತಕಣಗಳಿಗೆ ಸಣ್ಣ ಕಬ್ಬಿಣದ ಮಣಿ ಅಂಟಿಸಿ ಆಯಸ್ಕಾಂತದಿಂದ ಎಳೆದು ಹಾಕಿದರೆ, ಉಳಿದದ್ದರಲ್ಲಿ ಕಾಂಡಕೋಶ ಇರುತ್ತದೆ. ಹೇಳಲು ಮೂರು ಮಾತು, ಮಾಡಲು ಆರು ಗಂಟೆ. ಇಲ್ಲಿ ಇನ್ಯಾರ ಕೈಯೂ ಇದಕ್ಕೆ ಪಳಗಿಲ್ಲ.

ಹನ್ನೆರಡು ತಟ್ಟೆ ಅವಳಿಗೆ, ಹನ್ನೆರಡು ನನಗೆ. ಗಾಜಿನಂಥ ಸಣ್ಣ ಪ್ಲಾಸ್ಟಿಕ್ ತಟ್ಟೆಗಳು, ಅಂಗೈಯಲ್ಲಿ ಮೂರು ಕೂರುತ್ತವೆ. ಎರಡೂ ಪಾಲಿಗೂ ಒಂದೇ ಟ್ಯೂಬಿನಿಂದ ಬಡಿಸಿದೆ. ಮೋಸ ನನ್ನ ಜಾಯಮಾನವಲ್ಲ.

ಸೀಸೆ ಬಂದು ನಿಂತಳು. "ಮೇಡಂ, ನಿಮ್ಮ ಆ ಪಿಪೆಟ್ ಒಂದ್ಸಲ ಕೊಡ್ತೀರಾ? ನಂದು ಸೋರ್ತಿದೆ."

"ಇಲ್ಲ," ಅಂದೆ.

ಜಪ್ಪಯ್ಯ ಅಂದರೂ ಕೊಡುವುದಿಲ್ಲ. ಹನಿ ಅಳೆದು ಹಾಕುವ ಆ ಪಿಪೆಟ್ ಹನ್ನೊಂದು ವರ್ಷದಿಂದ ನನ್ನ ಕೈಯಲ್ಲಿದೆ, ಹೆಬ್ಬೆರಳಿಗೆ ಒಗ್ಗಿಹೋಗಿದೆ. ನನ್ನ ಕುರ್ಚಿಯನ್ನೇ ಎಳೆದುಕೊಳ್ಳುತ್ತಿರುವವಳಿಗೆ ಪಿಪೆಟ್ ಬೇರೆ ಕೇಡು.

ಫೆಬ್ರವರಿ 9, ಭಾನುವಾರ

ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ದಿನ ಬಿಟ್ಟು ದಿನ ತಟ್ಟೆಯ ಹಳೆಯ ಪೋಷಕ ನೀರು ತೆಗೆದು ಹೊಸದು ಹಾಕಲೇಬೇಕು. ಹೋದರೆ ಸೀಸೆಯೂ ಅಲ್ಲೇ ಇದ್ದಳು, ಮಧ್ಯಾಹ್ನದ ಊಟಕ್ಕೆ ಬಿಸ್ಕತ್ತು ಕಡಿಯುತ್ತ. ಅಕ್ಕ ನನ್ನ ಡಬ್ಬಿಗೆ ಇಬ್ಬರ ಊಟ ತುಂಬುತ್ತಾಳೆ, ನನ್ನ ಹೊಟ್ಟೆಯ ಅಳತೆ ಅವಳಿಗೆ ಇವತ್ತಿಗೂ ತಿಳಿದಿಲ್ಲ. ಅರ್ಧ ಸೀಸೆಗೆ ಕೊಟ್ಟೆ. ಎಸೆಯುವುದಕ್ಕಿಂತ ವಾಸಿ ಅಂತ, ಅಷ್ಟೇ.

ಫೆಬ್ರವರಿ 19, ಬುಧವಾರ

ಸಮಸಮ.

ನನ್ನ ತಟ್ಟೆಗಳಲ್ಲಿ ಕಾಂಡಕೋಶವಾಗಿಯೇ ಉಳಿದವು ನೂರಕ್ಕೆ ನಲವತ್ತು. ಅವಳ ದ್ರವದಲ್ಲಿ ಮೂವತ್ತೇಳು. ಯಂತ್ರ ಅಂಕಿ ತೋರಿಸಿದಾಗ ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ಸೀಸೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಸುಟ್ಟುಬಿಡುತ್ತಿದ್ದೆ.

ನನಗೆ ಅಳು ಬರಲಿಲ್ಲ. ಹೊಟ್ಟೆ ಉರಿಯಿತು. ಮನೆಗೆ ಬಂದು ಬಾಗಿಲು ಬಡಿದ ರಭಸಕ್ಕೆ ಅಕ್ಕ ಒಳಗಿನಿಂದಲೇ, "ಬಾಗಿಲೇನು ಪಾಪ ಮಾಡ್ತು?" ಅಂದಳು.

ಫೆಬ್ರವರಿ 20, ಗುರುವಾರ

ಇವತ್ತು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತಿದೆ. ಬರೆಯುತ್ತೇನೆ.

ಮುಗಿದ ತಟ್ಟೆಗಳನ್ನು ಎಸೆಯುವ ಮುನ್ನ ಪ್ರತಿಯೊಂದನ್ನೂ ಸೂಕ್ಷ್ಮದರ್ಶಕದ ಕೆಳಗೆ ಒಮ್ಮೆ ನೋಡುವುದು ನನ್ನ ಅಭ್ಯಾಸ. ಯಾರೂ ಹಾಗೆ ಮಾಡುವುದಿಲ್ಲ, ಮೇಲಿನ ಕೋಶಗಳನ್ನು ತೆಗೆದಮೇಲೆ ತಟ್ಟೆ ಕಸವೇ. ಸೀಸೆಯ ತಟ್ಟೆಗಳ ತಳದಲ್ಲಿ ಏನೂ ಇರಬಾರದು. ಇತ್ತು. ಹನ್ನೆರಡರಲ್ಲಿ ಒಂಬತ್ತರ ತಳಕ್ಕೆ ಚಪ್ಪಟೆ ಕೋಶಗಳು ಅಂಟಿಕೊಂಡಿದ್ದವು, ಒಂದರ ಅಂಚಿಗೆ ಒಂದು ಸೇರಿಸಿಕೊಂಡು, ಚಪ್ಪಡಿ ಹಾಸಿದಂತೆ. ಹೆತ್ತವರು ಮಕ್ಕಳನ್ನು ಸಂತೆಯಲ್ಲೂ ಗುರುತು ಹಿಡಿಯುತ್ತಾರೆ. ಅವು ರಕ್ತನಾಳದ ಗೋಡೆಯ ಕೋಶಗಳು.

ಕದ್ದಿದ್ದಾಳೆ ಅಂದುಕೊಂಡೆ. ನನ್ನ ಕೋಶಗಳನ್ನೇ ಕದ್ದು ತಳಕ್ಕೆ ಹಾಸಿಕೊಂಡು ದ್ರವ ಗೆದ್ದಿತು ಅನ್ನುತ್ತಿದ್ದಾಳೆ! ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ತಟ್ಟೆ ಹಿಡಿದುಕೊಂಡೇ ಅವಳ ಮೇಜಿಗೆ ಹೋಗಿ ಏಳು ಜನರ ಮುಂದೆ ಕಳ್ಳಿ ಅಂದೆ.

ಅವಳ ಮುಖ ಬಿಳಿಚಿತು. ಆದರೆ ಧ್ವನಿ ಏರಿಸಲಿಲ್ಲ. "ಫ್ರೀಜರಿನ ಬೀಗದ ಕೈ ನಿಮ್ಮ ಕುತ್ತಿಗೇಲೇ ಇದೆ ಮೇಡಂ. ಇನ್‌ಕ್ಯುಬೇಟರ್ ಹತ್ರ ನೀವು ನನ್ನನ್ನ ಸುಳಿಯೋಕೂ ಬಿಡಲ್ಲ. ನಾನು ಹೇಗೆ ಕದೀಲಿ? ನಿಮ್ಮ ಕೋಶ ಆದ್ರೆ ಹಸಿರು ಹೊಳೀಬೇಕು ಅಲ್ವಾ? ನೀಲಿ ದೀಪ ಹಾಕಿ ನೋಡಿ."

ನನ್ನ ಕೋಶಗಳಿಗೆಲ್ಲ ವರ್ಷಗಳ ಹಿಂದೆಯೇ ಹಸಿರು ಹೊಳೆಯುವ ಗುರುತು ಹಾಕಿಸಿದೆ, ಬೇರೆಯದರ ಜೊತೆ ಬೆರೆತರೆ ತಿಳಿಯಲಿ ಅಂತ. ಎಲ್ಲರೂ ನೋಡುತ್ತಿದ್ದಂತೆ ನೀಲಿ ದೀಪ ಹಾಕಿದೆ.

ತಟ್ಟೆ ಕಪ್ಪಗೇ ಇತ್ತು.

ಫೆಬ್ರವರಿ 21, ಶುಕ್ರವಾರ

ಹೊರಗಿನಿಂದ ಬಂದದ್ದಲ್ಲ. ಕಾಂಡಕೋಶದ ಜೊತೆಯಲ್ಲೇ ಬಂದದ್ದು. ಸೋಸಿದವಳು ನಾನು.

ಫೆಬ್ರವರಿ 23, ಭಾನುವಾರ

ಎರಡು ದಿನ ಯಾರ ಜೊತೆಯೂ ಮಾತಾಡಿಲ್ಲ. ಇವತ್ತು ಅಕ್ಕ ಬಿಡಲಿಲ್ಲ. ಬಟ್ಟೆ ಮಡಿಸುತ್ತ ಒಂದೊಂದೇ ಪ್ರಶ್ನೆ ಕೇಳಿ ಬಾಯಿ ಬಿಡಿಸಿದಳು. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿಕೊಂಡು ಕೇಳಿದವಳು.

ಜರಡಿಗಳಲ್ಲಿ ಎರಡು ಬಗೆ. ನೀಲಿಯದರ ಕಣ್ಣು ಬಹಳ ಸಣ್ಣ, ಹಳದಿಯದು ದೊಡ್ಡದು. ಮಜ್ಜೆಯನ್ನು ನೀಲಿಯಲ್ಲಿ ಸೋಸಬೇಕು ಅಂತ ನಿಯಮದ ಪುಸ್ತಕ ಹೇಳುತ್ತದೆ. ಹಳೆಯ ಡಾಕ್ಟರು ಹಳದಿಯಲ್ಲೇ ಸೋಸಿಸುತ್ತಿದ್ದರು. "ನೀಲೀಲಿ ಸೋಸಿದ್ರೆ ಯಾಕೋ ಕೋಶ ಸೊರಗ್ತವಮ್ಮ" ಅನ್ನುತ್ತಿದ್ದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಗೊತ್ತಾಯಿತು. ಹಳದಿಯ ದೊಡ್ಡ ಕಣ್ಣಿನಲ್ಲಿ ನಾಳದ ಗೋಡೆಯ ಚೂರುಗಳು ನುಸುಳಿ ಬರುತ್ತವೆ. ಆಯಸ್ಕಾಂತ ರಕ್ತಕಣಗಳನ್ನು ಮಾತ್ರ ಎಳೆಯುತ್ತದೆ, ಇವುಗಳನ್ನು ಬಿಟ್ಟುಬಿಡುತ್ತದೆ. ಸೀಸೆಯ ತಟ್ಟೆಯಲ್ಲಿ ಕಾಂಡಕೋಶಗಳನ್ನು ಉಳಿಸಿದ್ದು ಬರೀ ದ್ರವವಲ್ಲ. ತಳದಲ್ಲಿ ಯಾರಿಗೂ ಹೇಳದೆ ಕೂತಿದ್ದ ಆ ಚೂರುಗಳು. ಅವಳ ಮೂರು ವರ್ಷದ ಪ್ರತಿಯೊಂದು ಫಲಿತಾಂಶವೂ ನಾನು ಸೋಸಿಕೊಟ್ಟ ಮಜ್ಜೆಯದೇ.

"ಇದು ಯಾರ್ಯಾರಿಗೆ ಗೊತ್ತು?" ಅಕ್ಕ ಕೇಳಿದಳು.

"ನನಗೆ. ಈಗ ನಿನಗೆ."

"ಹೇಳಿದ್ರೆ ಏನಾಗುತ್ತೆ?"

"ಹತ್ತೊಂಬತ್ತು ವರ್ಷ ಫಾರಂ ಮೇಲೆ ನೀಲಿ ಅಂತ ಸಹಿ ಹಾಕಿ ಹಳದೀಲಿ ಸೋಸಿದ್ದೀನಿ. ಮಾನ ಹೋಗುತ್ತೆ."

"ಹೇಳ್ದಿದ್ರೆ?"

"ಏಪ್ರಿಲ್‌ಗೆ ಕೆಲಸ ಹೋಗುತ್ತೆ. ಮಾನ ಉಳಿಯುತ್ತೆ. ಹೂಗುಚ್ಛ ಕೊಟ್ಟು ಕಳಿಸ್ತಾರೆ."

"ಹೂಗುಚ್ಛ ಇಡೋಕೆ ಈ ಮನೇಲಿ ಜಾಗ ಇಲ್ಲ," ಅಂದಳು ಅಕ್ಕ.

ಆಮೇಲೆ ಆಸ್ಪತ್ರೆಯ ವಿಷಯ ಕೇಳಿದಳು. ಹೇಳಿದೆ. ಅಲ್ಲಿ ಏಳು ಜನ ರೋಗಿಗಳು ಪಟ್ಟಿಯಲ್ಲಿದ್ದಾರೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಗುವ ಒಂದಿಷ್ಟೇ ಕಾಂಡಕೋಶಗಳನ್ನು ದ್ರವದಲ್ಲಿ ಹೆಚ್ಚಿಸಿ ಅವರಿಗೆ ಕೊಡುವುದು. ಕೊಡುವ ಮೊದಲು ಔಷಧಿ ಹಾಕಿ ಅವರ ಮಜ್ಜೆಯನ್ನು ಪೂರ್ತಿ ಖಾಲಿ ಮಾಡುತ್ತಾರೆ. ದ್ರವದಲ್ಲಿ ಕೋಶಗಳು ಗಡಿಬಿಡಿಯಲ್ಲಿ ಬೆಳೆದು ಎಲ್ಲವೂ ಬಲಿತುಬಿಟ್ಟರೆ, ಒಂದೆರಡು ತಿಂಗಳು ರಕ್ತ ಬರುತ್ತದೆ. ಆಮೇಲೆ ಹುಟ್ಟಿಸುವವರೇ ಇರುವುದಿಲ್ಲ.

ಅಕ್ಕ ಮಡಿಸುವುದನ್ನು ನಿಲ್ಲಿಸಿದಳು. "ಇಷ್ಟು ಗೊತ್ತಿದ್ದೂ ಎರಡು ದಿನ ಸುಮ್ನೆ ಕೂತಿದ್ಯಾ?"

ಅವಳ ಬೈಗುಳ ಯಾವತ್ತೂ ನನಗೆ ತಗಲುವುದಿಲ್ಲ. ಇವತ್ತು ತಗಲಿತು.

ಫೆಬ್ರವರಿ 24, ಸೋಮವಾರ

ಮೊದಲು ಸೀಸೆಗೇ ಹೇಳಿದೆ. ಅವಳನ್ನು ಕಳ್ಳಿ ಅಂದ ಅದೇ ಜಾಗದಲ್ಲಿ, ಅದೇ ಏಳು ಜನರ ಮುಂದೆ. ಕ್ಷಮಿಸು ಅನ್ನುವ ಪದ ನನ್ನ ಗಂಟಲಿನಿಂದ ಹೊರಡುವುದಿಲ್ಲ, ಏನು ಮಾಡಲಿ? "ಕಳ್ಳತನ ಅಲ್ಲ, ತಪ್ಪು. ತಪ್ಪು ನಂದು," ಅಂದೆ. ಹಳದಿ ಜರಡಿ ಎತ್ತಿ ತೋರಿಸಿದೆ.

ಅವಳು ಜರಡಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಮೂರು ವರ್ಷ ಮೇಡಂ," ಅಂದಳು. ಅಷ್ಟೇ. ಕಿರುಚಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ತಿರುಗಿ ಕಿರುಚಬಹುದಿತ್ತು.

ಆಮೇಲೆ ಕಣ್ಣೊರೆಸಿಕೊಂಡು, "ನೀವು ಹೇಳಿದ್ರಿ ಅಂತ ನಂಬಲ್ಲ. ಮತ್ತೆ ಮಾಡಿ ನೋಡ್ತೀನಿ," ಅಂದಳು.

ಪರವಾಗಿಲ್ಲ, ಬೆನ್ನುಮೂಳೆ ಇದೆ ಹುಡುಗಿಗೆ.

ಫೆಬ್ರವರಿ 25, ಮಂಗಳವಾರ

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದೆವು. ಪೂರ್ತಿ ಕೇಳಿದರು. ಕೇಳಿ ನಕ್ಕರು.

"ಕೆಲಸ ಉಳಿಸ್ಕೋಬೇಕು ಅನ್ನೋ ನಿಮ್ಮ ಆಸೆ ಅರ್ಥ ಆಗುತ್ತೆ," ಅಂದರು. "ಆದ್ರೆ ಈ ಕಥೇಲಿ ಲಾಭ ಯಾರಿಗೆ ಅಂತ ಮಗೂಗೂ ಗೊತ್ತಾಗುತ್ತೆ."

"ಲಾಭಕ್ಕೆ ಸುಳ್ಳು ಹೇಳೋಳು ತಪ್ಪನ್ನ ಬೇರೆಯವ್ರ ತಲೆಗೆ ಕಟ್ತಾಳೆ ಸಾರ್, ತನ್ನ ತಲೆಗಲ್ಲ."

ಮತ್ತೊಂದು ಪರೀಕ್ಷೆಗೆ ಅಪ್ಪಣೆ ಇಲ್ಲ ಅಂದರು. ಮಾರ್ಚ್ ಹದಿನೈದಕ್ಕೆ ಆಸ್ಪತ್ರೆಗೆ ಕಾಗದ ಹೋಗಲೇಬೇಕಂತೆ.

ಹೊರಗೆ ಬಂದು ನೇರ ದೊಡ್ಡ ಬೋರ್ಡಿನ ಹತ್ತಿರ ಹೋದೆ. ವಾರದ ಕೆಲಸ ಬರೆಯುವ ಬೋರ್ಡು ಅದು, ಅವರ ಕೋಣೆಯ ಬಾಗಿಲಿನಿಂದ ಕಾಣುತ್ತದೆ. "ಜರಡಿ ಪರೀಕ್ಷೆ. ನಾಳೆ ಶುರು. ಮೂವತ್ತಾರು ತಟ್ಟೆ" ಅಂತ ಬರೆದು ಕೆಳಗೆ ನನ್ನ ಹೆಸರು ಬರೆದೆ, ಕುರುಡರಿಗೂ ಕಾಣುವಷ್ಟು ದಪ್ಪಗೆ. ಕದ್ದುಮುಚ್ಚಿ ಮಾಡಿದರೆ ತಪ್ಪು. ಬೋರ್ಡಿನ ಮೇಲೆ ಬರೆದು ಮಾಡಿದರೆ ಕೆಲಸ. ನೋಡಿದರೆ ಸೀಸೆ ಪೆನ್ನು ಕಿತ್ತುಕೊಂಡು ನನ್ನ ಹೆಸರಿನ ಕೆಳಗೆ ತನ್ನದನ್ನೂ ಬರೆಯುತ್ತಿದ್ದಾಳೆ.

"ನಿನಗ್ಯಾಕೆ ಬೇಕು, ಮುಂದೆ ಬದುಕಬೇಕಾದೋಳು," ಅಂದೆ.

"ದ್ರವ ನಂದು ಮೇಡಂ," ಅಂದಳು.

ಫೆಬ್ರವರಿ 26, ಬುಧವಾರ

ಹನ್ನೆರಡು ತಟ್ಟೆ, ಹಳದಿಯಲ್ಲಿ ಸೋಸಿದ್ದು, ದ್ರವದಲ್ಲಿ. ಹನ್ನೆರಡು ನೀಲಿಯಲ್ಲಿ ಸೋಸಿದ್ದು, ದ್ರವದಲ್ಲಿ. ಹನ್ನೆರಡು ನೀಲಿಯದು, ನನ್ನ ಕೋಶಗಳ ಮೇಲೆ. ನೀಲಿಯದನ್ನು ಇನ್ನೊಂದು ಸಲ ಆಯಸ್ಕಾಂತಕ್ಕೂ ಹಿಡಿದೆವು, ನಾಳದ ಕೋಶಕ್ಕೆ ಅಂಟುವ ಮಣಿ ಹಾಕಿ. ಅವಳ ಪಿಪೆಟ್ ಇನ್ನೂ ಸೋರುತ್ತಿದೆ. ಅಳತೆ ತಪ್ಪಿದರೆ ಪರೀಕ್ಷೆಯೇ ಹಾಳು, ಅದಕ್ಕೆ ನನ್ನದನ್ನು ಕೊಟ್ಟೆ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಸಾಗಿಸುವ ನಾಲ್ಕು ಜನ ಬಂದು ನನ್ನ ಎರಡು ಇನ್‌ಕ್ಯುಬೇಟರುಗಳಲ್ಲಿ ಒಂದನ್ನು ಎತ್ತಿಕೊಂಡು ಹೋದರು. ಏಪ್ರಿಲ್‌ಗೆ ಕೊಡಬೇಕಾದ್ದು ಒಂದು ತಿಂಗಳು ಮುಂಚೆಯೇ. ಬೋರ್ಡಿನ ಮೇಲೆ ಬರೆದದ್ದಕ್ಕೆ ಬಂದ ಉತ್ತರ ಇದು, ಅಷ್ಟು ಅರ್ಥವಾಗುತ್ತದೆ ನನಗೆ.

ಉಳಿದ ಒಂದರಲ್ಲಿ ಮೂವತ್ತಾರು ತಟ್ಟೆಗೂ ಜಾಗ ಬೇಕು, ನನ್ನ ಕೋಶಗಳ ಹದಿನೆಂಟು ಬಾಟಲಿಗೂ ಬೇಕು. ಎರಡೂ ಹಿಡಿಸುವುದಿಲ್ಲ. "ತಟ್ಟೆ ಕಡಿಮೆ ಮಾಡೋಣ, ಎಂಟೆಂಟು ಇಟ್ಕೊಂಡ್ರೆ ಸಾಕು," ಅಂದಳು ಸೀಸೆ. ಎಂಟು ಸಾಲದು. ಎಂಟಕ್ಕೆ ಆ ಮನುಷ್ಯ ನೂರು ಕೊಂಕು ತೆಗೆಯುತ್ತಾರೆ.

ಹನ್ನೊಂದು ಬಾಟಲಿಗೆ ಬ್ಲೀಚ್ ಸುರಿದೆ. ನಾನೇ ಸುರಿದೆ, ಬೇರೆಯವರಿಗೆ ಬಿಡಲಿಲ್ಲ. ಕೋಶಗಳು ಬಿಳಿಯಾಗಿ ಚಕ್ಕೆ ಚಕ್ಕೆ ಎದ್ದವು. ಫ್ರೀಜರಿನಲ್ಲಿ ಇನ್ನೂ ಇವೆ, ಮತ್ತೆ ಎಬ್ಬಿಸಬಹುದು. ಎಬ್ಬಿಸಲು ಬಿಟ್ಟರೆ.

ಅಕ್ಕನಿಗೆ ಹೇಳಿದಾಗ, "ಆ ಹುಡುಗಿ ತಟ್ಟೆ ಉಳಿಸೋಕಾ?" ಅಂದಳು. ಪರೀಕ್ಷೆ ಉಳಿಸಲು ಅಂತ ತಿದ್ದಿದೆ.

ಮಾರ್ಚ್ 8, ಶನಿವಾರ

ಸೀಸೆಗೆ ಜ್ವರ. ಫೋನಿನಲ್ಲಿ ಮಾತೇ ಹೊರಡುತ್ತಿರಲಿಲ್ಲ, ಆದರೂ ತಟ್ಟೆಗೆ ದ್ರವ ಬದಲಿಸಲು ಬರುತ್ತೇನೆ ಅನ್ನುತ್ತಿದ್ದಳು. "ಬಂದ್ರೆ ಕಾಲು ಮುರೀತೀನಿ," ಅಂದೆ. ಅವಳ ತಟ್ಟೆಗಳಿಗೂ ನಾನೇ ಹಾಕಿದೆ, ಅವಳು ಬರೆದಿಟ್ಟ ಅಳತೆಯಂತೆ, ಒಂದು ಹನಿ ಹೆಚ್ಚುಕಡಿಮೆ ಇಲ್ಲದೆ. ಸೋಲಬೇಕೆಂದು ನಾನು ಬಯಸುವ ದ್ರವಕ್ಕೆ ನಾನೇ ಉಪಚಾರ ಮಾಡಿದೆ!

ಸಂಜೆ ಅಕ್ಕ ಬಿಸಿಯಾಗಿ ಏನೋ ಮಾಡಿ ಡಬ್ಬಿ ಕೈಗಿಟ್ಟು ಅಟ್ಟಿದಳು. ಸೀಸೆಯದು ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಕಿಟಕಿಯ ಪಕ್ಕ ಹಾಸಿಗೆ, ಗೋಡೆಗೆ ಮೂರು ವರ್ಷದ ಗ್ರಾಫುಗಳು, ಒಂದರ ಪಕ್ಕ ಒಂದು ಅಂಟಿಸಿದ್ದು. ಊಟಮಾಡುತ್ತ ಅವಕ್ಕೆ ಬೆನ್ನು ಹಾಕಿ ಕೂತಳು.

"ನೀಲೀದು ಸೋತ್ರೆ ಇದೆಲ್ಲ ಕಿತ್ತು ಹಾಕಬೇಕು ದೊಡ್ಡಮ್ಮ," ಅಂದಳು.

"ದ್ರವ ಸುಳ್ಳಲ್ಲ ಕಣೇ. ಒಂಟಿಯಾಗಿ ಸಾಲಲ್ಲ ಅಷ್ಟೇ. ಕಿತ್ತು ಹಾಕೋದು ಯಾವಾಗಾದ್ರೂ ಇದ್ದೇ ಇದೆ, ಅವಸರ ಏನು? ಮಲಗು."

ಅವಳು ನಿದ್ದೆಹೋಗುವವರೆಗೆ ಕೂತಿದ್ದು ಬಂದೆ. ಮೂರು ಮಹಡಿ ಹತ್ತಿಳಿದು ಮಂಡಿ ಹಿಡಿದುಕೊಂಡಿದೆ. ಸೋಮವಾರ ಬಂದರೆ ಬೈಯಬೇಕು.

ಮಾರ್ಚ್ 12, ಬುಧವಾರ

ಹಳದಿ, ದ್ರವದಲ್ಲಿ: ನೂರಕ್ಕೆ ಮೂವತ್ತಾರು.

ನೀಲಿ, ನನ್ನ ಕೋಶಗಳ ಮೇಲೆ: ನಲವತ್ತೊಂದು.

ನೀಲಿ, ಬರೀ ದ್ರವದಲ್ಲಿ: ಎರಡು.

ತಟ್ಟೆ ತುಂಬ ಕೋಶ ಏನೋ ಇದ್ದವು. ಬೇಕಾದಷ್ಟು ಬೆಳೆದಿದ್ದವು. ಆದರೆ ಎಲ್ಲ ಬಲಿತುಹೋಗಿದ್ದವು. ಇರು, ತಡೆ ಅನ್ನುವವರಿಲ್ಲದೆ ಓಡಿ ಓಡಿ ಖರ್ಚಾಗಿಹೋಗಿದ್ದವು.

ಗೆದ್ದೆ. ಹತ್ತೊಂಬತ್ತು ವರ್ಷ ನಾನು ಹೇಳಿದ್ದೇ ಸರಿ ಅಂತ ಯಂತ್ರವೇ ಹೇಳಿತು. ಕುಣಿದಾಡಬೇಕಿತ್ತು. ಸೀಸೆ ಅಂಕಿಯನ್ನು ಎರಡು ಸಲ ಓದಿ, ಪರದೆ ಆರಿಸಿ, ಕೈಗವಸು ತೆಗೆದು ಕಸದ ಡಬ್ಬಿಗೆ ಹಾಕಿದಳು. ಅವಳ ಕೈ ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದೆ. ಗೆದ್ದ ದಿನ ಇಷ್ಟು ಕೆಟ್ಟದಾಗಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಮುಖ್ಯಸ್ಥರು ರಾಕ್ಷಸರೇನಲ್ಲ, ಒಪ್ಪಿಕೊಳ್ಳಬೇಕು. ಅಂಕಿ ನೋಡಿದ ಹತ್ತು ನಿಮಿಷಕ್ಕೆ ಆಸ್ಪತ್ರೆಗೆ ಫೋನು ಮಾಡಿ ದ್ರವ ನಿಲ್ಲಿಸಿದರು. ಏಳೂ ಜನರನ್ನು ಬೇರೆ ದಾರಿಯಲ್ಲಿ ನೋಡಿಕೊಳ್ಳುತ್ತಾರಂತೆ, ಯಾರ ಮಜ್ಜೆಯನ್ನೂ ಇನ್ನೂ ಖಾಲಿ ಮಾಡಿರಲಿಲ್ಲ. ಅದನ್ನು ಕೇಳಿದ ಕೂಡಲೇ ಅಕ್ಕನಿಗೆ ಫೋನು ಮಾಡಿ ಹೇಳಿದೆ.

ಆದರೆ ಇವತ್ತು ಒಂದು ವರದಿ ಕೊಟ್ಟರು, ಸೋಮವಾರದೊಳಗೆ ಸಹಿ ಹಾಕಲು. "ತಂತ್ರಜ್ಞೆ ನಿಯಮ ಮೀರಿ ತಪ್ಪು ಜರಡಿ ಬಳಸಿದ್ದರಿಂದ ರಕ್ತನಾಳದ ಕೋಶಗಳ ಕಲ್ಮಶ ಸೇರಿ ಫಲಿತಾಂಶ ಕೆಟ್ಟಿತು. ಕಲ್ಮಶ ನಿವಾರಿಸಿ ದ್ರವವನ್ನು ಸುಧಾರಿಸುವುದು. ನಾಳಕೋಶಗಳ ವಿಭಾಗವನ್ನು ಯೋಜನೆಯಂತೆ ಮುಚ್ಚುವುದು." ನನಗೆ ಶಿಕ್ಷೆ: ಆರು ತಿಂಗಳು ಕೋಶಗಳನ್ನು ಮುಟ್ಟುವಂತಿಲ್ಲ, ಕೆಳಗೆ ಗಾಜು ತೊಳೆಯುವ ಕೋಣೆ.

ಶಿಕ್ಷೆ ಸರಿ. ಜರಡಿ ಸರಿ. ತುಟಿಪಿಟಿಕ್ಕೆನ್ನದೆ ಸಹಿ ಹಾಕುತ್ತೇನೆ.

ಕಲ್ಮಶ?

ಮಾರ್ಚ್ 16, ಭಾನುವಾರ

ಆ ಒಂದು ಪದ ಊಟದಲ್ಲಿ ಸಿಕ್ಕ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಿದೆ. ಅಕ್ಕ ಕೇಳಿದಳು, "ಒಂದು ಪದಕ್ಕೆ ಇಷ್ಟು ಯಾಕೆ ಹಾರಾಡ್ತೀಯ?" ಕಲ್ಮಶ ಅಂತ ಬರೆದಿಟ್ಟರೆ ಮುಂದೆ ಬರುವವರು ಅದನ್ನು ಓದಿ ತೊಳೆದು ಬಿಸಾಕುತ್ತಾರೆ, ಅದಕ್ಕೆ. ಉಳಿಸಿದ್ದು ಯಾವುದು ಅಂತ ಯಾರೂ ತಿರುಗಿ ನೋಡುವುದಿಲ್ಲ.

ಮಾರ್ಚ್ 17, ಸೋಮವಾರ

ಮುಖ್ಯಸ್ಥರ ಕೋಣೆಯಲ್ಲಿ ಮೂವರಿದ್ದೆವು. ಸೀಸೆಯೂ ಸಹಿ ಮಾಡಬೇಕಿತ್ತು, ದ್ರವ ಅವಳದಲ್ಲವೇ. ಮೊದಲು ನನ್ನ ಕೈಗೆ ಪೆನ್ನು ಕೊಟ್ಟರು. ನಾನು ಕಲ್ಮಶ ಅನ್ನುವ ಪದದ ಮೇಲೆ ಗೆರೆ ಎಳೆದೆ. ಮೇಲೆ ಬರೆದೆ: "ಕಾಂಡಕೋಶಗಳನ್ನು ಸಾಕುವ ಕೋಶಗಳು." ಎರಡನೆಯ ಕಡೆಯೂ ಹಾಗೇ ಗೆರೆ ಎಳೆದೆ. ಆಮೇಲೆ ಕೆಳಗೆ ನನ್ನ ಪೂರ್ತಿ ಸಹಿ ಹಾಕಿದೆ, ತಪ್ಪು ನನ್ನದು ಅಂತ.

"ವರದೀಲಿ ಹೊಡೆದು ಹಾಕೋ ಹಾಗಿಲ್ಲ," ಅಂದರು.

"ಹೊಡೆದು ಹಾಕಿದ್ದೀನಿ ಸಾರ್. ಒಂದೇ ಗೆರೆ. ಕೆಳಗಿನ ಪದ ಓದೋಕೆ ಬರುತ್ತೆ. ಪಕ್ಕದಲ್ಲಿ ನನ್ನ ಚಿಕ್ಕ ಸಹಿ, ತಾರೀಖು. ಲ್ಯಾಬಿನ ದಾಖಲೇಲಿ ಹೀಗೇ ತಿದ್ದಬೇಕು ಅಂತ ನಿಯಮ ಇದೆ. ನಾನು ನಿಯಮ ಮೀರೋಳು ಅಂತ ನೀವೇ ಬರೆದಿದ್ದೀರಿ, ಇದೊಂದನ್ನಾದ್ರೂ ಪಾಲಿಸ್ತೀನಿ."

"ನಿಯಮಕ್ಕೆ ಇನ್ನೊಬ್ಬರ ಸಾಕ್ಷಿ ಸಹಿ ಬೇಕು," ಅಂದರು. ಅವರ ಮುಖದಲ್ಲಿ ನಿರಾಳ ಕಂಡಿತು. "ಇಲ್ದಿದ್ರೆ ತಿದ್ದುಪಡಿ ಅಸಿಂಧು. ನಾನಂತೂ ಹಾಕಲ್ಲ."

ಅದು ನಿಜ. ಆ ನಿಯಮ ನನಗೂ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದೆ, ಸಾಕ್ಷಿ ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ಸೀಸೆಯ ಕಡೆ ನಾನು ನೋಡಲಿಲ್ಲ. ಯಾವ ಬಾಯಲ್ಲಿ ಕೇಳಲಿ? ಕಲ್ಮಶ ಅಂತ ಇದ್ದರೆ ಅವಳ ದ್ರವಕ್ಕೆ ಇನ್ನೊಂದು ಅವಕಾಶವಿದೆ, ಅವಳ ಮೂರು ವರ್ಷಕ್ಕೆ ಒಂದು ನೆಪವಿದೆ. ಆ ಗೆರೆಗೆ ಸಾಕ್ಷಿ ನಿಂತರೆ ಒಂದೂ ಇಲ್ಲ.

ಕುರ್ಚಿ ಹಿಂದೆ ಸರಿದ ಸದ್ದಾಯಿತು. ಸೀಸೆ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಮೊದಲನೇ ಗೆರೆಯ ಪಕ್ಕ ಸಹಿ ಹಾಕಿದಳು. ಎರಡನೇ ಗೆರೆಯ ಪಕ್ಕ ಹಾಕಿದಳು. ಆಮೇಲೆ ನಾನು ಮುಟ್ಟಿರದ ಮೂರನೇ ಸಾಲಿಗೆ, ವಿಭಾಗ ಮುಚ್ಚುವುದು ಅನ್ನುವುದಕ್ಕೆ, ತಾನೇ ಒಂದು ಗೆರೆ ಎಳೆದು ತನ್ನ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಇದಕ್ಕೆ ಸಾಕ್ಷಿ ನೀವು ಹಾಕಿ ದೊಡ್ಡಮ್ಮ," ಅಂದಳು.

ಕಣ್ಣು ಮಂಜಾಗಿ ಸಹಿ ಸೊಟ್ಟಗೆ ಬಿತ್ತು. ಇರಲಿ.

ಏಪ್ರಿಲ್ 2, ಬುಧವಾರ

ಗಾಜು ತೊಳೆಯುವ ಕೋಣೆಯಲ್ಲಿ ಎರಡನೇ ದಿನ. ಬಿಸಿನೀರಿಗೆ ಬೆರಳು ಮುದುಡಿಹೋಗಿವೆ. ಸಾಕ್ಷಿ ಬಿದ್ದ ತಿದ್ದುಪಡಿಗಳನ್ನು ಮುಖ್ಯಸ್ಥರು ತೆಗೆಯಲಾಗಲಿಲ್ಲ, ಮೇಲೆ ಉಳಿದಿದ್ದ ಇನ್‌ಕ್ಯುಬೇಟರ್ ಹೋಗಿಲ್ಲ, ಫ್ರೀಜರ್ ಹೋಗಿಲ್ಲ. ನಾಳಕೋಶಗಳ ವಿಭಾಗಕ್ಕೆ ಹೊಸ ಉಸ್ತುವಾರಿ ಸೀಸೆ. ಇವತ್ತು ಫ್ರೀಜರಿನಿಂದ ಮೂರು ಟ್ಯೂಬು ಎಬ್ಬಿಸಿದಳಂತೆ. ಅರ್ಧ ಗಂಟೆಗೊಮ್ಮೆ ಮೆಟ್ಟಿಲಿಳಿದು ಓಡಿ ಬರುತ್ತಾಳೆ. ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತು ಅಲ್ಲಾಡಿಸಬಾರದು, ಅಂಟಿಕೊಳ್ಳದಿದ್ದರೆ ಏನು ಮಾಡಬೇಕು. ನನ್ನ ಕೆಲಸ ಕೆಡುತ್ತದೆ. ಹೇಳದಿದ್ದರೆ ಅವಳದು ಕೆಡುತ್ತದೆ.

ಮುಖ್ಯಸ್ಥರು ಬಾಗಿಲಲ್ಲಿ ನಿಂತು ನೋಡಿದರು. "ನೀವು ಕೋಶ ಮುಟ್ಟೋ ಹಾಗಿಲ್ಲ, ನೆನಪಿದೆ ತಾನೆ?"

"ಮುಟ್ಟಿಲ್ಲ ಸಾರ್, ಮಾತಾಡ್ತಿದ್ದೀನಿ," ಅಂದೆ. ಆರು ತಿಂಗಳು ಹೀಗೇ ಮಾತಾಡುತ್ತೇನೆ, ಬೇಕಾದರೆ ಅದಕ್ಕೂ ಒಂದು ವರದಿ ಬರೆಯಲಿ.

ಸಂಜೆ ಒಂದು ಸ್ಟೂಲು ಹುಡುಕಿ ತಂದು ಸಿಂಕಿನ ಪಕ್ಕ ಹಾಕಿದ್ದೇನೆ, ಅವಳಿಗೆ. ನಿಂತುಕೊಂಡರೆ ಎಲ್ಲವನ್ನೂ ಅವಸರದಲ್ಲಿ ಕೇಳಿಸಿಕೊಂಡು ಓಡಿಬಿಡುತ್ತಾಳೆ.